ಅವ್ವನ ಹಿಸ್ಸಾ

ವಂಶವೃಕ್ಷದ ಹಾಳೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕ್ಯಾನ್ಸರ್ ಆದವರ ಗುರುತಿನೊಳಗೆ ಮಸಿ ತುಂಬಬೇಕು, ತೀರಿಕೊಂಡವರ ಮೇಲೆ ಓರೆಗೆರೆ ಎಳೆಯಬೇಕು. ಕಲಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು. ಆದರೆ ಹುಮನಾಬಾದಿನ ನಮ್ಮ ಕ್ಲಿನಿಕ್ಕಿನಲ್ಲಿ ಆ ಹಾಳೆ ತುಂಬಿಸುವುದು ಬೇರೆಯೇ ಕಸರತ್ತು. ಇಲ್ಲಿ ಯಾವ ಹೆಂಗಸೂ ಒಬ್ಬಳೇ ಬರುವುದಿಲ್ಲ.

ಆಕೆಯೂ ಅತ್ತೆಯ ಜೊತೆಗೇ ಬಂದಳು. ಹುಮನಾಬಾದಿನ ಹತ್ತಿರದ ಹಳ್ಳಿಯವಳು, ತೊಗರಿ ಹೊಲದಲ್ಲಿ ದುಡಿಯುವ ಮನೆ. ವಯಸ್ಸು ನಲವತ್ತರ ಒಳಗೆ. ಕಲಬುರಗಿಯಲ್ಲಿ ಎಡ ಸ್ತನ ತೆಗೆದಿದ್ದರು, ಕಿಮೊ ಮುಗಿದಿತ್ತು, ಸೆರಗಿನೊಳಗೆ ಹೊಸ ಕೂದಲು ಆಗಷ್ಟೇ ಚಿಗುರುತ್ತಿತ್ತು. ಇಷ್ಟು ಚಿಕ್ಕ ವಯಸ್ಸಿಗೆ ಬಂದದ್ದರಿಂದ ಅದು ಮನೆತನದಲ್ಲೇ ಇಳಿದು ಬಂದಿರಬಹುದೇ ಎಂದು ನೋಡಲು ಡಾಕ್ಟರು ನನ್ನ ಕಡೆ ಕಳಿಸಿದ್ದರು. ನಾನು ಬಸವಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹುಮನಾಬಾದಿನ ಕ್ಲಿನಿಕ್ಕಿಗೆ ಹೋಗಿ ಕೂರುತ್ತೇನೆ. ಕೇಳುವುದು, ಬರೆಯುವುದು, ರಕ್ತ ಪರೀಕ್ಷೆಗೆ ಮೊದಲು ಮತ್ತು ನಂತರ ಅವರ ಎದುರು ಕೂತು ಮಾತಾಡುವುದು ನನ್ನ ಕೆಲಸ.

"ನಿಮ್ಮ ಕಡೆ ಯಾರಿಗಾದರೂ ಇಂಥ ಕಾಯಿಲೆ ಇತ್ತೇ?" ಎಂದು ಆಕೆಯನ್ನು ಕೇಳಿದೆ. ಉತ್ತರ ಅತ್ತೆಯಿಂದ ಬಂತು.

"ನಮ್ಮ ಮನ್ಯಾಗ ಇಂಥಾದ್ದು ಯಾರಿಗೂ ಬಂದಿಲ್ರಿ. ನಮ್ಮ ಮಾವ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದು ಹ್ವಾದ್ರು. ನಮ್ಮ ಮೈದುನಗ ಸಕ್ರಿ ಬ್ಯಾನಿ ಅದ. ನಮ್ಮ ಅತ್ತಿ ತೊಂಬತ್ತು ದಾಟಿದ್ದಳು, ಕಡೀ ತನಕ ರೊಟ್ಟಿ ತಾನೇ ಬಡೀತಿದ್ದಳು."

ಅತ್ತೆ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಮ್ಮ ಕಡೆ ಅತ್ತೆಯ ಮಾತನ್ನು ನಡುವೆ ತಡೆಯುವ ಧೈರ್ಯ ಡಾಕ್ಟರಿಗೂ ಇಲ್ಲ. ಹಾಳೆ ತುಂಬ ಚೌಕ ವೃತ್ತಗಳಾದವು. ಅವರಲ್ಲಿ ಒಬ್ಬರಿಗೂ ಸೊಸೆಯ ಜೊತೆ ಒಂದು ಹನಿ ರಕ್ತದ ಸಂಬಂಧವಿರಲಿಲ್ಲ. ರೋಗಿಯಾದವಳು ಮಾತ್ರ ಮೂಲೆಯಲ್ಲಿ ಒಂದು ಗೆರೆಗೆ ಅಂಟಿಕೊಂಡು ಕೂತಿದ್ದಳು, ಕುರ್ಚಿಯ ಮೇಲೆ ಕೂತ ಹಾಗೆಯೇ.

ಇಂಥ ಹೊತ್ತಿಗೆ ನನ್ನದೊಂದು ಉಪಾಯವಿದೆ. "ಅಮ್ಮಾ, ನಿಮ್ಮ ಬಿಪಿ ಒಂದು ನೋಡಿಸಿಕೊಂಡು ಬನ್ನಿ," ಎಂದು ಅತ್ತೆಯನ್ನು ನರ್ಸಿನ ಕಡೆ ಕಳಿಸಿದೆ. ನಾನು ಹಾಗೆ ಕಳಿಸಿದವರ ಬಿಪಿಯನ್ನು ನಮ್ಮ ನರ್ಸ್ ಬಹಳ ನಿಧಾನವಾಗಿ ನೋಡುತ್ತಾಳೆ. ಬಾಗಿಲು ಮುಚ್ಚಿದ ಮೇಲೆ ಹೊಸ ಹಾಳೆ ತೆಗೆದೆ.

"ನಮ್ಮವ್ವಗ ಇತ್ರಿ," ಎಂದಳು ಆಕೆ. ದನಿ ಬಹಳ ಸಣ್ಣಗಿತ್ತು. "ಎದಿಗೇ. ಹೊರಗ ಹೇಳಿಲ್ಲ. ನಾವಿಬ್ಬರು ಲಗ್ನಕ್ಕ ಬಂದ ಹುಡುಗ್ಯಾರು ಮನ್ಯಾಗ. ಹೊಟ್ಟಿ ಬ್ಯಾನಿ ಅಂದು ಬಿಟ್ಟೇವಿ. ನಮ್ಮ ಚಿಗವ್ವ, ಅವ್ವನ ತಂಗಿ, ಆಕಿನೂ ಹೊಟ್ಟಿ ಉಬ್ಬಿ ಸತ್ತಳು."

ಚಿಗವ್ವನದು ಅಂಡಾಶಯದ ಕ್ಯಾನ್ಸರ್ ಆಗಿದ್ದಿರಬಹುದು ಎಂದು ಬದಿಗೆ ಬರೆದುಕೊಂಡೆ. ಸ್ತನ ಮತ್ತು ಅಂಡಾಶಯ ಎರಡೂ ಒಂದೇ ಬಳ್ಳಿಯಲ್ಲಿ ಕಂಡರೆ ನಾವು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತೇವೆ. ಆಕೆಗೆ ಒಡಹುಟ್ಟಿದವರು ಇಬ್ಬರು. ತವರು ನಾರಾಯಣಪುರದಲ್ಲಿ ತಮ್ಮ ಇದ್ದ, ಹುಲಸೂರಿಗೆ ಕೊಟ್ಟ ತಂಗಿ ಇದ್ದಳು. ತಂಗಿಯ ತೊಡೆಯ ಮೇಲೆ ಇನ್ನೂ ಹಾಲು ಕುಡಿಯುವ ಕೂಸು. ಆ ಇಬ್ಬರ ಗುರುತನ್ನೂ ಖಾಲಿ ಬಿಟ್ಟೆ.

ರಕ್ತ ತೆಗೆದು ನೇರಳೆ ಮುಚ್ಚಳದ ಕೊಳವೆಯಲ್ಲಿ ಹೈದರಾಬಾದಿಗೆ ಕಳಿಸಿದೆವು. ವರದಿ ಬರುವ ಹೊತ್ತಿಗೆ ಮುಂಗಾರು ಬಿತ್ತನೆ ಮುಗಿದಿತ್ತು. ನಾವು ಹುಡುಕುತ್ತಿದ್ದ ಜೀನಿನಲ್ಲಿ ಹಾನಿ ಮಾಡುವ ಬದಲಾವಣೆ ಇತ್ತು.

ಇಂಥ ವರದಿ ಹೇಳುವಾಗ ಮೇಜು ಬಿಟ್ಟು ಅವರ ಬದಿಗೆ ಬಂದು ಕೂರುತ್ತೇನೆ, ಮೊದಲು ಒಂದೇ ವಾಕ್ಯ ಹೇಳಿ ಸುಮ್ಮನಾಗುತ್ತೇನೆ. ಈಕೆಗೂ ಹಾಗೇ ಹೇಳಿದೆ. "ಇದು ನಿಮಗೆ ಹುಟ್ಟುವಾಗಲೇ ಬಂದದ್ದು." ಅಳುತ್ತಾಳೆಂದು ಟಿಶ್ಯೂ ಡಬ್ಬಿ ಹತ್ತಿರ ಸರಿಸಿಟ್ಟಿದ್ದೆ. ಆಕೆ ಅಳಲಿಲ್ಲ. ಭುಜ ಸಡಿಲಾದವು.

"ಹಂಗಾದ್ರ ನಾ ಮಾಡಿದ್ದೇನೂ ಇಲ್ಲಲ್ರಿ?"

"ಏನೂ ಇಲ್ಲ."

"ಮಂದಿ ಏನೇನ ಅಂದಾರ್ರಿ. ಕೂಸಿಗಿ ಜಲ್ದಿ ಹಾಲು ಬಿಡಿಸಿದಿ ಅಂದ್ರು. ಹರಕಿ ತೀರಿಸಿಲ್ಲ ಅಂದ್ರು. ಅತ್ತಿ ಅಂತೂ, ನೀ ಯಾವ ಪಾಪ ಮಾಡಿ ನಮ್ಮ ಮನಿಗಿ ಬಂದಿ ಅಂತಾಳ. ನಾ ದಿನಾ ಕುಂತು ಅದನ್ನ ಹುಡುಕಾಕತ್ತಿದ್ದೆ."

ಪುಸ್ತಕಗಳು ವರದಿಯಿಂದ ಬರುವ ಆಘಾತದ ಬಗ್ಗೆ ಹೆಚ್ಚು ಹೇಳುತ್ತವೆ. ನಾನು ಕಂಡ ಹಾಗೆ ಮೊದಲು ಬರುವುದು ಎಷ್ಟೋ ಸಲ ನಿರಾಳ. ತಪ್ಪು ತನ್ನದಲ್ಲ ಎಂದು ಮೊಹರು ಹಾಕಿದ ಕಾಗದವೊಂದು ಸಿಕ್ಕಿತಲ್ಲ. ನನಗೂ ಖುಷಿಯಾಯಿತು. ಆ ಖುಷಿಯಲ್ಲೇ ಮುಂದಿನ ಮಾತು ತೆಗೆದೆ, ತಂಗಿಯ ಮಾತು.

ಆಕೆ ನಡುವೆಯೇ ತಲೆಯಾಡಿಸಿದಳು. "ಆಕಿಗಿ ಬರಂಗಿಲ್ರಿ. ಅವ್ವಂದು ಒಂದು ಹಿಸ್ಸಾ ಇತ್ತು. ಅದನ್ನ ನಾ ತೊಗೊಂಡೀನಿ. ಆಕಿ ಪಾರಾದಳು."

ಇದನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಹೊಲ ಪಾಲಾದಂತೆ ಕಾಯಿಲೆಯೂ ಪಾಲಾಗುತ್ತದೆ, ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರಿಗೆ ಉಳಿಯುವುದಿಲ್ಲ ಎಂಬ ಲೆಕ್ಕ. ತಿದ್ದುವುದು ನನ್ನ ಕೆಲಸ, ತಿದ್ದಿದೆ. ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ, ನಿಮಗೆ ಬಂದದ್ದರಿಂದ ತಂಗಿಗೆ ಬರುವುದು ತಪ್ಪುವುದಿಲ್ಲ ಎಂದೆ. ಮೊದಲೇ ಗೊತ್ತಾದರೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ಚಿಕ್ಕದಿರುವಾಗಲೇ ಹಿಡಿಯಬಹುದು ಎಂದೂ ಹೇಳಿದೆ. ಆಕೆ ಎದ್ದು ನಿಂತಳು.

"ಮ್ಯಾಡಮ್ರ, ನೀವು ಓದಿದವ್ರು. ನನಗ ಇದೊಂದ ಸಮಾಧಾನ ಅದ. ಇದನ್ನೂ ಕಸ್ಕೋಬ್ಯಾಡ್ರಿ. ತಂಗಿಗಿ ನಾನೂ ಹೇಳಂಗಿಲ್ಲ, ನೀವೂ ಹೇಳಬಾರ್ದು."

ನಮ್ಮ ವೃತ್ತಿಯ ನಿಯಮ ಆಕೆಯ ಪರವಾಗಿಯೇ ಇದೆ. ವರದಿ ಆಕೆಯದು, ಆಕೆಯ ಒಪ್ಪಿಗೆ ಇಲ್ಲದೆ ಒಡಹುಟ್ಟಿದವರಿಗೂ ಹೇಳುವಂತಿಲ್ಲ. ಆಮೇಲೆ ಆಕೆ ತನ್ನ ತಪಾಸಣೆಗೂ ಬರಲಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿ, "ಹೊಲಕ್ಕ ಹೋಗ್ಯಾಳ್ರಿ," ಎನ್ನುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಕಲಬುರಗಿಯಿಂದ ಬರುವ ಡಾಕ್ಟರ ಹತ್ತಿರ ನನ್ನ ಸಂಕಟ ತೋಡಿಕೊಂಡೆ.

"ನಿಯಮ ಮುರಿಯುವಂತಿಲ್ಲ," ಎಂದರು ಅವರು. "ಆದರೆ ಕೇಳುತ್ತಿರುವುದನ್ನು ಬಿಡಿ ಎಂದು ಯಾವ ನಿಯಮವೂ ಹೇಳುವುದಿಲ್ಲ."

ನನಗೆ ಆಕೆಯ ಮೇಲೆ ಸಿಟ್ಟಿತ್ತು, ಮುಚ್ಚಿಡುವುದೇನು. ಹುಲಸೂರಿನ ಬಸ್ಸು ಕಂಡಾಗಲೆಲ್ಲ ಹಾಳೆಯ ಮೇಲಿನ ಆ ಖಾಲಿ ವೃತ್ತ ನೆನಪಾಗುತ್ತಿತ್ತು. ಮೂವತ್ತು ದಾಟಿದ ಹೆಂಗಸು, ಎದೆಯಲ್ಲಿ ಗಂಟು ಸಿಕ್ಕರೂ ಹಾಲು ಗಡ್ಡೆ ಕಟ್ಟಿದೆ ಎಂದುಕೊಂಡು ಸುಮ್ಮನಿರುತ್ತಾಳೆ. ಅಕ್ಕನ ಸಮಾಧಾನ ದೊಡ್ಡದೋ ತಂಗಿಯ ಜೀವ ದೊಡ್ಡದೋ ಎಂದು ಬಸ್ಸಿನಲ್ಲಿ ಕೂತು ನನ್ನಲ್ಲೇ ಜಗಳಾಡುತ್ತಿದ್ದೆ.

ನಾಗರ ಪಂಚಮಿ ಹತ್ತಿರವಾದಾಗ ಆಕೆ ತಾನಾಗಿಯೇ ಬಂದಳು, ಅದೂ ಒಬ್ಬಳೇ. ತಪಾಸಣೆಗಲ್ಲ. ಶಸ್ತ್ರಚಿಕಿತ್ಸೆ ಆದವರಿಗೆ ರವಿಕೆಯೊಳಗೆ ಇಟ್ಟುಕೊಳ್ಳಲು ನಾವು ಹತ್ತಿಯ ಮೆತ್ತೆ ಹೊಲಿಸಿ ಕೊಡುತ್ತೇವೆ. ಅದು ಬೇಕಿತ್ತು. ಹಬ್ಬದ ಹೊಸ ರವಿಕೆ ಒಂದು ಕಡೆ ಜೋಲುತ್ತದೆ ಎಂದಳು.

"ತವರಿಗಿ ಹೋಗಾಕತ್ತೇನ್ರಿ. ತಂಗಿನೂ ಬರ್ತಾಳ. ಆಕಿಗಿ ಸಣ್ಣ ಗಂಟು ತಗಸೀನಿ ಅಂತಷ್ಟ ಹೇಳೀನಿ. ಬಂದಾಕಿನೇ ಎದಿಗಿ ಬೀಳ್ತಾಳ, ಗೊತ್ತಾಗ್ತದ."

ದಾರ ಹಿಡಿದು ಮೆತ್ತೆಯ ಅಳತೆ ನೋಡುತ್ತ, ಹಬ್ಬಕ್ಕೆ ಮನೆಯಲ್ಲಿ ಯಾರು ಯಾರಿರುತ್ತೀರಿ ಎಂದು ಸುಮ್ಮನೆ ಕೇಳಿದೆ.

"ನಾವ ಮೂರು ಮಂದಿನೇ ಇರ್ತೀವ್ರಿ. ತಮ್ಮ ಹೋಗಿ ತಂಗಿನ್ನ ಕರ್ಕೊಂಡು ಬರ್ತಾನ. ಅವನ ಹೇಣ್ತಿ ಹುಡುಗ್ಯಾರ್ನ ಕರ್ಕೊಂಡು ಚಿಟಗುಪ್ಪಕ್ಕ ಆಕಿ ತವರಿಗಿ ಹೋಗ್ತಾಳ."

ದಾರ ಕೈಯಲ್ಲೇ ನಿಂತಿತು. ಒಂದೇ ರಕ್ತದವರನ್ನು ಒಂದು ಕಡೆ ಕೂಡಿಸುವುದು ಹೇಗೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಪಂಚಮಿ ಅದನ್ನು ವರ್ಷ ವರ್ಷವೂ ಮಾಡುತ್ತಿದೆ. ಕೊಟ್ಟ ಹೆಣ್ಣುಮಕ್ಕಳು ಬರುತ್ತಾರೆ, ತಂದ ಸೊಸೆಯಂದಿರು ಹೋಗುತ್ತಾರೆ. ನನ್ನ ಎರಡನೇ ಹಾಳೆಯಲ್ಲಿ ಜೀವಂತ ಇದ್ದವರಷ್ಟೇ ಆ ದಿನ ಆ ಮನೆಯಲ್ಲಿರುತ್ತಾರೆ. ಯಾವ ಅತ್ತೆಗೂ ಬಿಪಿ ನೋಡಿಸಬೇಕಾಗಿಲ್ಲ.

ಆದರೂ ಒಪ್ಪಿಗೆ ಆಕೆಯದೇ. ಈ ಸಲ ಅರ್ಧಕ್ಕರ್ಧದ ಮಾತು ಎತ್ತಲಿಲ್ಲ. "ನಿಮ್ಮ ಅವ್ವನಿಗೆ ಗಂಟು ಆದದ್ದು ಮೊದಲು ಯಾರಿಗೆ ಗೊತ್ತಾಯಿತು?" ಎಂದು ಕೇಳಿದೆ.

ಆಕೆ ಮೆತ್ತೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ನನಗರಿ. ಅವ್ವಗ ಮೈ ತಿಕ್ಕಿ ನೀರು ಹಾಕುವಾಗ ಕೈಗಿ ಹತ್ತಿತ್ತು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿದ್ಲು. ನಾ ಹೇಳಲಿಲ್ಲ."

ಮೆತ್ತೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ. ಬಾಗಿಲ ಹತ್ತಿರ ಹೋಗಿ ಆಕೆಯೇ ತಿರುಗಿದಳು. "ಪಂಚಮಿಗಿ ಬರ್ರಿ ಹಂಗಾದ್ರ. ಆದ್ರ ನನ್ನ ಬಾಯಿಲಿಂದ ಆಗಂಗಿಲ್ಲ. ನೀವ ಹೇಳ್ರಿ."

ಹಬ್ಬದ ದಿನ ರಜೆ. ಬಸವಕಲ್ಯಾಣದಿಂದ ನಾರಾಯಣಪುರ ದೂರವೇನಲ್ಲ. ಇನ್ನೊಮ್ಮೆ ಈ ಮೂವರು ಕೂಡುವುದು ಯಾವಾಗಲೋ ಎಂಬ ಅವಸರದಲ್ಲಿ ಲ್ಯಾಬಿನ ಹುಡುಗಿಯನ್ನೂ ಕರೆದುಕೊಂಡು, ಕೊಳವೆ ಸೂಜಿ ಎಲ್ಲ ಚೀಲದಲ್ಲಿಟ್ಟುಕೊಂಡು ಹೋದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಹುತ್ತಕ್ಕೆ ಹಾಲೆರೆಯುವುದನ್ನು ಈ ಮನೆಯವರು ಅಪ್ಪನ ಕಾಲಕ್ಕೇ ಬಿಟ್ಟಿದ್ದಾರೆ, ಹೆಣ್ಣುಮಕ್ಕಳನ್ನು ಕರೆಸುವುದನ್ನು ಬಿಟ್ಟಿಲ್ಲ. ತಮ್ಮ ನನ್ನ ಕೈಗೆ ಜೋಳದ ಅರಳು, ಎಳ್ಳುಂಡಿಯ ತಟ್ಟೆ ಕೊಟ್ಟ. ಅಕ್ಕ ತಂಗಿ ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದರು. ಅಕ್ಕ ನನ್ನನ್ನು ಕಂಡು ಆಟ ನಿಲ್ಲಿಸಿದಳು.

ಹೇಳಿದೆ. ಅವ್ವನಿಂದ ಶುರುಮಾಡಿ ಅಕ್ಕನ ಶಸ್ತ್ರಚಿಕಿತ್ಸೆಯವರೆಗೆ ಒಂದೊಂದೇ ಹೇಳಿದೆ. ಅಕ್ಕ ನೆಲ ನೋಡುತ್ತಿದ್ದಳು. ತಂಗಿ ಕೂಸನ್ನು ತಮ್ಮನ ಕೈಗೆ ಕೊಟ್ಟು ಅಕ್ಕನ ಹತ್ತಿರ ಸರಿದಳು, ಸೆರಗಿನ ಮೇಲಿಂದಲೇ ಎದೆ ಮುಟ್ಟಿ ನೋಡಿದಳು. ಹತ್ತಿಯ ಮೆತ್ತೆ ಅವಳ ಕೈಗೆ ತಿಳಿಯಿತು.

"ಪೂರಾ ತಗದಾರ?" ಎಂದಳು. "ಮೊನ್ನಿ ಫೋನ್ಯಾಗ ಬರೋಬರಿ ಇದ್ದೀನಿ ಅಂದಿ. ಅವ್ವಂದೂ ನನಗ ಹೇಳಲಿಲ್ಲ, ನಿಂದೂ ಹೇಳಲಿಲ್ಲ. ನಾ ಈ ಮನ್ಯಾಗ ಹುಟ್ಟಿಲ್ಲೇನು?"

ಹೊರಗೆ ಹೋಗಿ ಜೋಕಾಲಿಯ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ಅಕ್ಕ ಏಳಹೋದಳು, ನಾನು ತಡೆದೆ. ಕೆಟ್ಟ ಸುದ್ದಿ ಕೇಳಿದವರಿಗೆ ಸ್ವಲ್ಪ ಹೊತ್ತು ಬೆನ್ನು ತಿರುಗಿಸಲು ಬಿಡಬೇಕು. ಕೂಸು ಅತ್ತಾಗ ಅವಳೇ ಒಳಗೆ ಬಂದು ಅದನ್ನು ಸೆರಗಿನೊಳಗೆ ತೆಗೆದುಕೊಂಡು ಕೂತಳು.

"ಇದು ಹಾಲಿನಾಗ ಕೂಸಿಗಿ ಹೋಗ್ತದೇನ್ರಿ? ಬಿಡಿಸಬೇಕೇನು?"

"ಇಲ್ಲ. ಹಾಲಿನಿಂದ ಹೋಗುವುದಿಲ್ಲ. ಧಾರಾಳವಾಗಿ ಕುಡಿಸಿ."

"ನನಗೂ ಅದ ಅಂತ ಪಕ್ಕಾ ಏನು?"

ಅವರ ಕವಡೆಗಳಿಂದ ಒಂದನ್ನು ತೆಗೆದುಕೊಂಡೆ. ಅವ್ವ ಒಂದೊಂದು ಮಗುವಿಗೆ ಒಂದೊಂದು ಸಲ ಈ ಕವಡೆ ಹಾಕಿದ್ದಾರೆ ಎಂದುಕೊಳ್ಳಿ, ಅಂಗಾತ ಬಿದ್ದರೆ ಬಂತು, ಬೋರಲು ಬಿದ್ದರೆ ಇಲ್ಲ ಎಂದೆ. ಅಕ್ಕನ ಹೆಸರಲ್ಲಿ ಹಾಕಿದೆ, ತಮ್ಮನ ಹೆಸರಲ್ಲಿ ಹಾಕಿದೆ, ತಂಗಿಯ ಹೆಸರಲ್ಲಿ ಹಾಕಿದೆ. ಮತ್ತೆ ಮೊದಲಿನಿಂದ ಹಾಕಿದೆ. ಒಮ್ಮೆ ಮೂವರಿಗೂ ಅಂಗಾತ ಬಿತ್ತು, ಒಮ್ಮೆ ತಮ್ಮನೊಬ್ಬನಿಗೆ. ಅಕ್ಕ ಪ್ರತಿ ಸಲವೂ ಬಾಗಿ ನೋಡುತ್ತಿದ್ದಳು.

"ಹಿಂದ ಏನು ಬಿದ್ದಿತ್ತು ಅಂತ ಕವಡಿಗಿ ಖಬರ್ ಇರಂಗಿಲ್ಲ," ಎಂದಳು ಕೊನೆಗೆ. ನನಗಲ್ಲ, ತನಗೇ ಹೇಳಿಕೊಂಡಳು. ಇಷ್ಟು ದಿನ ಹಿಡಿದುಕೊಂಡಿದ್ದ ಸಮಾಧಾನ ಅಲ್ಲೇ ಕೈಬಿಟ್ಟಿತು. ಅದನ್ನು ಕಿತ್ತುಕೊಂಡವಳು ನಾನೇ.

ತಮ್ಮ ಮಾತ್ರ ನಗುತ್ತಿದ್ದ. "ನನ್ನ ಹೆಸರ್ಲೆ ಯಾಕ ಹಾಕ್ತೀರಿ ಮ್ಯಾಡಮ್? ನನಗ ಎದಿ ಎಲ್ಲದರಿ?"

"ಗಂಡಸರಿಗೂ ಬರುತ್ತದೆ," ಎಂದೆ. "ಅವರಿಂದ ಹೆಣ್ಣುಮಕ್ಕಳಿಗೂ ಹೋಗುತ್ತದೆ." ಅವನು ನಗು ನಿಲ್ಲಿಸಲಿಲ್ಲ, ಆದರೆ ಸಣ್ಣದು ಮಾಡಿದ.

ತಂಗಿ ಪರೀಕ್ಷೆಗೆ ಒಪ್ಪಿದಳು. ನಾನು ಚೀಲಕ್ಕೆ ಕೈ ಹಾಕಿದೆ, ಅವಳು ತಡೆದಳು. "ಇವತ್ತ ಸೂಜಿ ಬ್ಯಾಡ್ರಿ. ಪಂಚಮಿ." ಆ ದಿನ ನಮ್ಮ ಕಡೆ ಕೊಯ್ಯುವಂತಿಲ್ಲ, ಚುಚ್ಚುವಂತಿಲ್ಲ, ಒಲೆಗೆ ಹಂಚು ಇಡುವಂತಿಲ್ಲ. ಬೆಳಗ್ಗೆ ನಮ್ಮ ಮನೆಯಲ್ಲೂ ಈಳಿಗೆ ಮುಟ್ಟದೆ ಕುದಿಸಿದ ಕಡುಬನ್ನೇ ತಿಂದು ಬಂದವಳು ನಾನು, ಸೂಜಿ ಕಟ್ಟಿಕೊಂಡು ಹೊರಟಾಗ ಅದು ಹೊಳೆದೇ ಇರಲಿಲ್ಲ. ಲ್ಯಾಬಿನ ಹುಡುಗಿ ಮುಸಿಮುಸಿ ನಕ್ಕಳು. ತಡೆದದ್ದು ಒಳ್ಳೆಯದೇ ಆಯಿತು. ಸುದ್ದಿ ಕೇಳಿದ ದಿನವೇ ರಕ್ತ ಕೊಡಿಸಬಾರದು, ಬೇಡ ಎನ್ನಲು ಮನಸ್ಸಿಗೆ ಎಡೆ ಬೇಕು ಎಂದು ಇನ್ನೊಬ್ಬರಿಗೆ ಪಾಠ ಹೇಳುವವಳು ನಾನು. ನನ್ನ ಅವಸರಕ್ಕೆ ಹಬ್ಬವೇ ಅಡ್ಡ ನಿಂತಿತು.

ತಂಗಿ ಹುಲಸೂರಿಗೆ ಮರಳುವ ದಿನ ತಮ್ಮ ಅವಳನ್ನು ಗಾಡಿಯ ಮೇಲೆ ಬಸವಕಲ್ಯಾಣದ ಆಸ್ಪತ್ರೆಗೆ ಕರೆತಂದ. ಗೊತ್ತಾಗುವುದು ಬೇಡ ಎನಿಸಿದರೆ ಈಗಲೂ ಹೋಗಬಹುದು ಎಂದು ಇಬ್ಬರಿಗೂ ಹೇಳಿದೆ. ತಂಗಿ ತೋಳು ಚಾಚಿದಳು. ತಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ತಾನೂ ತೋಳು ಮೇಲೇರಿಸಿದ. "ನಂದೂ ತೊಗೋರಿ. ಆಕಿ ಒಬ್ಬಾಕಿನೇ ಯಾಕ ಚುಚ್ಚಿಸ್ಕೋಬೇಕು."

ಮಹಾನವಮಿಗೆ ಮೊದಲೇ ವರದಿ ಬಂತು. ತಮ್ಮ, ತಂಗಿ ಬಸವಕಲ್ಯಾಣಕ್ಕೆ ಬಂದರು, ಅಕ್ಕನೂ ಹುಮನಾಬಾದಿನ ಕಡೆಯಿಂದ ಬಂದಳು. ವರದಿಯನ್ನು ಒಬ್ಬೊಬ್ಬರನ್ನೇ ಕೂರಿಸಿ ಹೇಳಬೇಕು, ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು. ನಾನು ಹಾಗೇ ಹೇಳಿದೆ. ಅವರು ಬೆಂಚಿನಿಂದ ಏಳಲಿಲ್ಲ.

"ಸಾಕ್ರಿ ಮುಚ್ಚಿಟ್ಟಿದ್ದು," ಎಂದಳು ತಂಗಿ. "ಮೂರೂ ಮಂದಿ ಕೂಡೇ ಕೇಳ್ತೀವಿ."

ಮೊದಲು ತಂಗಿಯದು. ಇರಲಿಲ್ಲ. ಅಕ್ಕನಲ್ಲಿದ್ದ ಬದಲಾವಣೆ ಅವಳಿಗೆ ಬಂದಿರಲಿಲ್ಲ. ಅವಳು ನನ್ನನ್ನೇ ನೋಡಿದಳು, ಆಮೇಲೆ ಬಿಕ್ಕಿಬಿಕ್ಕಿ ಅತ್ತಳು. ಸಂತೋಷಕ್ಕಲ್ಲ. "ಆಕಿಗಿ ಬಂತು, ನನಗ್ಯಾಕ ಬರ್ಲಿಲ್ರಿ? ಆಕಿ ಮಾರಿ ಹ್ಯಾಂಗ ನೋಡ್ಲಿ ನಾ?" ಪಾರಾದವರ ಈ ದುಃಖಕ್ಕೆ ನನ್ನ ಹತ್ತಿರ ಹಾಳೆಯಿಲ್ಲ, ಗುರುತಿಲ್ಲ. ಅಕ್ಕ ಅವಳ ತಲೆಯನ್ನು ಮೆತ್ತೆಯಿಲ್ಲದ ಬದಿಗೆ ಒತ್ತಿಕೊಂಡಳು. ಮುಖದಲ್ಲಿ ಎಷ್ಟೋ ತಿಂಗಳಾದ ಮೇಲೆ ನಗು ಕಂಡಿತು. "ನಾ ಅಂದಿದ್ದಿಲ್ಲೇನು, ಪಾರಾದಿ ಅಂತ," ಎಂದಳು. ಆ ಹೊತ್ತಿಗೆ ಅದನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ.

ಆದರೆ ಇನ್ನೊಂದು ವರದಿ ಕೈಯಲ್ಲಿತ್ತು. ತಮ್ಮನಿಗೆ ಇತ್ತು.

ಅವನು ಮೊದಲು ನಗಲು ನೋಡಿದ, ಆಗಲಿಲ್ಲ. ಗಂಡಸರಿಗೆ ಅಪಾಯ ಕಡಿಮೆ, ಆದರೂ ಆಗಾಗ ತೋರಿಸಿಕೊಳ್ಳಬೇಕು ಎಂದು ಹೇಳುತ್ತಿದ್ದೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. "ನನ್ನ ಹುಡುಗ್ಯಾರಿಗಿ?" ಎಂದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಊರ ಶಾಲೆಯಲ್ಲಿ.

"ಒಬ್ಬೊಬ್ಬರಿಗೂ ಒಂದೊಂದು ಕವಡೆ," ಎಂದೆ. "ಈಗ ಪರೀಕ್ಷೆ ಮಾಡುವಂತಿಲ್ಲ. ಅವರು ದೊಡ್ಡವರಾಗಿ, ತಿಳಿದು, ತಾವೇ ಬೇಕು ಅಂದಾಗ ಮಾಡಬೇಕು. ಆಗ ಅವರಿಗೆ ಯಾರಾದರೂ ಹೇಳಬೇಕು."

"ನಾ ಹ್ಯಾಂಗ ಹೇಳ್ಲಿ ಮ್ಯಾಡಮ್? ಅಪ್ಪಾದಂವ ಹೆಣ್ಣಮಕ್ಕಳ ಮುಂದ ಎದಿ ಮಾತು ತಗೀಲಿ ಹ್ಯಾಂಗ? ಅವ್ರವ್ವಗ ಕೇಳಿದ್ರೇ ಎದಿ ಒಡೀತದ."

ತಂಗಿ ಅಳು ನಿಲ್ಲಿಸಿದ್ದಳು. ಅಕ್ಕ ಅವನನ್ನೇ ನೋಡುತ್ತಿದ್ದಳು. ಆ ನಗು ಈಗ ಇರಲಿಲ್ಲ. ಒಬ್ಬರೇ ಎತ್ತಿಕೊಂಡು ಮುಗಿಸುವ ಹಿಸ್ಸಾ ಇದಲ್ಲ ಎಂಬುದು ಈಗ ಆಕೆಗೆ ನನ್ನ ಬಾಯಿಂದ ತಿಳಿಯಬೇಕಾಗಿರಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ನಾ ಹೇಳ್ತೀನಿ," ಎಂದಳು.

ತಮ್ಮ ತಲೆ ಎತ್ತಿದ.

"ನನ್ನ ಕೂಸಿಗೂ ಹೇಳೂದದ, ಹುಡುಗ್ಯಾರಿಗೂ ನಾನ ಹೇಳ್ತೀನಿ. ಅವ್ವಂದು ಹೇಳ್ತೀನಿ, ನಂದು ತೋರಿಸಿ ಹೇಳ್ತೀನಿ. ನೀ ಫಿಕರ್ ಮಾಡಬ್ಯಾಡ."

ಇಷ್ಟು ಹೇಳಿ ಬೆರಳು ಮಡಿಚತೊಡಗಿದಳು. ಏನೋ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ದೊಡ್ಡ ಹುಡುಗಿಯೇ ಇನ್ನೂ ನಾಲ್ಕನೆಯ ಇಯತ್ತೆ. ಆಮೇಲೆ ನನ್ನ ಕಡೆ ತಿರುಗಿದಳು.

"ಅವ್ರು ದೊಡ್ಡವ್ರು ಆಗೋ ತನಕ ನಾ ಇರಬೇಕಲ್ರಿ. ನನ್ನ ಚೆಕಪ್ ತಪ್ಪಿಸೀನಿ. ಯಾವಾಗ ಬರ್ಲಿ?"

ಕಲಬುರಗಿಯ ಡಾಕ್ಟರು ಗುರುವಾರ ಹುಮನಾಬಾದಿನ ಕ್ಲಿನಿಕ್ಕಿಗೆ ಬರುವವರಿದ್ದರು. ಗುರುವಾರ ಬನ್ನಿ ಎಂದೆ, ಎಂದಿನ ರೂಢಿಯಂತೆ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದೂ ಸೇರಿಸಿದೆ.

ಆಕೆ ತಂಗಿಯ ಕಡೆ ನೋಡಿದಳು. "ಅತ್ತಿನ್ನ ಕರ್ಕೊಂಡು ಬರಂಗಿಲ್ಲ ನಾ. ನೀ ಬಾ."